ಹುಂಜ ಉಳಿದ್ರ ಸಾಕೇನ್ರಿ?

ಕೊಕ್ಕರೆ ರೋಗ ಹೊಕ್ಕ ಮನೆಯಲ್ಲಿ ಕೋಳಿ ಒಂದೊಂದಾಗಿ ಸಾಯುವುದಿಲ್ಲ. ಶಹಾಪುರದ ಹತ್ತಿರದ ನಮ್ಮೂರಲ್ಲಿ ಹೋದ ಬೇಸಿಗೆಗೆ ನಾಲ್ಕೇ ದಿನದಲ್ಲಿ ಅವ್ವನ ಹದಿನಾಲ್ಕು ಜವಾರಿ ಕೋಳಿ ಖಾಲಿ. ಕತ್ತು ತಿರುಚಿ, ಹಸಿರು ಹಿಕ್ಕೆ ಹಾಕಿ, ಬುಟ್ಟಿಯ ಕೆಳಗೇ ಬಿದ್ದಿದ್ದವು. ಲಸಿಕೆ ಹಾಕಿಸಿರಲಿಲ್ಲ. ತಪ್ಪು ನಮ್ಮದೇ.

ಅದರಲ್ಲೊಂದು ಬೂದು ಹ್ಯಾಟಿ (ಹೆಣ್ಣು ಕೋಳಿ). ಅದರ ಅಜ್ಜಿ-ಮುತ್ತಜ್ಜಿ ಅವ್ವನ ತವರಿಂದ ಬಂದಿದ್ದವು. ತತ್ತಿ ಕಡಿಮೆಯೇ, ಫಾರಂನವರು ನಗಬಹುದು. ಆದರೆ ಸುಡುವ ಬಿಸಿಲಲ್ಲಿ ತಿಪ್ಪೆ ಕೆದರಿ ಹೊಟ್ಟೆ ತುಂಬಿಸಿಕೊಂಡು, 21 ದಿನ ಅಲ್ಲಾಡದೆ ಕಾವಿಗೆ ಕೂತು, ಹದ್ದಿನ ನೆರಳು ಬಿದ್ದರೆ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುತ್ತಿತ್ತು. ಆಮೇಲೆ ಸಂತೆಯಲ್ಲಿ ‘ಪಕ್ಕಾ ಜವಾರಿ ಅದರೀ’ ಅಂತ ಕೊಟ್ಟ ಕೋಳಿ ತತ್ತಿಯೇನೋ ಇಟ್ಟಿತು, ಕಾವಿಗೆ ಮಾತ್ರ ಕೂಡಲೇ ಇಲ್ಲ.

ಬೀದರಿನಲ್ಲಿ ಪಶುವೈದ್ಯ ಓದುವ ಅಳಿಯನಿಗೆ ಕೇಳಿದೆ: “ಹೋರಿ ವೀರ್ಯ ಕಡ್ಡ್ಯಾಗ ತುಂಬಿ ಇಡ್ತೀರಿ, ಕೋಳಿದು ಇಡ್ಲಿಕ್ಕ ಬರಲ್ಲೇನೋ?”

“ಮಾಮಾ, ಗ್ಲಿಸರಿನ್ ಹಾಕಿ ಹೆಪ್ಪುಗಟ್ಟಿಸೋದು 1949ರಾಗ ಮೊದಲ ಗೆದ್ದದ್ದೇ ಹುಂಜದ ವೀರ್ಯದ ಮ್ಯಾಲ” ಅಂದ.

ಲಾಭ ಮಾತ್ರ ಆಕಳಿಗಾಯಿತು! ಕೋಳಿಗೆ ಆ ಗ್ಲಿಸರಿನ್ನೇ ಕಂಟಕ. ಅದನ್ನು ತೊಳೆದು ತೆಗೆಯದಿದ್ದರೆ ಹ್ಯಾಟಿಯಲ್ಲಿ ಗರ್ಭ ಕಟ್ಟುವುದಿಲ್ಲ. ತೊಳೆದರೂ ಇನ್ನೊಂದು ತೊಡಕು. ಹಕ್ಕಿಗಳಲ್ಲಿ ಡಬ್ಲ್ಯೂ ಅನ್ನುವ ಕ್ರೋಮೋಸೋಮ್ (ವಂಶದ ಗುಣ ಹೊರುವ ಎಳೆ) ತಾಯಿಯಿಂದ ಮಗಳಿಗಷ್ಟೇ ಹೋಗುತ್ತದೆ, ಹುಂಜದಲ್ಲಿ ಅದು ಇರುವುದೇ ಇಲ್ಲ. ಮೈನಸ್ 196 ಡಿಗ್ರಿಯ ಸಾರಜನಕದಲ್ಲಿ ಎಷ್ಟು ಹುಂಜಗಳ ವೀರ್ಯ ಇಟ್ಟರೂ ಅವ್ವನ ತವರಿನ ಹೆಣ್ಣು ಸಾಲು ಅದರಲ್ಲಿ ಸಿಗದು. ತತ್ತಿಯನ್ನೇ ಇಡೋಣ ಅಂದರೆ ಅಷ್ಟು ದೊಡ್ಡ ಹಳದಿ ಹೆಪ್ಪುಗಟ್ಟಿ ಕರಗಿದ ಮೇಲೆ ಅದರಲ್ಲಿ ಜೀವ ಉಳಿಯುವುದಿಲ್ಲ.

ಇದಕ್ಕೂ ದಾರಿ ಇದೆ. ಅವ್ವ ಕಾವಿನ ತತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಸಿಲಿಗೆ ಅಡ್ಡ ಒಡ್ಡಿ, ಒಳಗಿನ ಕೆಂಪು ಎಳೆ ಕಂಡರೆ ‘ಹಿಡದದ’ ಅನ್ನುತ್ತಿದ್ದಳು. ಆ ಎಳೆ ಅವಳ ಕಣ್ಣಿಗೆ ಬೀಳುವ ಮೊದಲೇ, ಸುಮಾರು ಎರಡೂವರೆ ದಿನಕ್ಕೆ, ಮುಂದೆ ವೀರ್ಯವೋ ಅಂಡವೋ ಆಗಬೇಕಾದ ಮೂಲಕೋಶಗಳು ಭ್ರೂಣದ ರಕ್ತದಲ್ಲಿ ತಿರುಗಾಡುತ್ತಿರುತ್ತವೆ. ಆ ರಕ್ತದ ಒಂದು ಹನಿ ಸಾಕು. ಕೋಶ ಬೆಳೆಸಿ, ಹೆಪ್ಪುಗಟ್ಟಿಸಿ, ಬೇಕಾದಾಗ ತನ್ನದೇ ಬೀಜ ಕಟ್ಟದಂತೆ ಮಾಡಿದ ಬೇರೆ ತಳಿಯ ಭ್ರೂಣಕ್ಕೆ ಸೇರಿಸಿದರೆ, ಅದು ಬೆಳೆದು ನಮ್ಮ ತಳಿಯ ಮರಿ ಕೊಡುತ್ತದೆ. ತಾಯಿ ಬಾಡಿಗೆಯದು, ತಂದೆಯೂ ಬಾಡಿಗೆಯದೇ. 1996ರಲ್ಲಿ ಡಾಲಿ ಕುರಿ ಹುಟ್ಟಿಸಿದ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆ ಇದನ್ನು ಮಾಡಿ ತೋರಿಸಿದೆ.

ನಮ್ಮ ಎರಿ ನೆಲದ ದೊಡ್ಡ ಹಕ್ಕಿ ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ವಿಷಯದಲ್ಲಿ ನಮಗೆ ಬುದ್ಧಿ ಬಂದದ್ದು ತಡವಾಗಿ. 2024ರ ಅಕ್ಟೋಬರಿನಲ್ಲಿ ಜೈಸಲ್ಮೇರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿದಾಗ ಸುದ್ದಿಯಾಯಿತು. ಅಷ್ಟರಲ್ಲಿ ಆ ಹಕ್ಕಿ ಅಳಿವಿನ ಅಂಚಿಗೆ ಬಂದು ನಿಂತಿತ್ತು. ಜವಾರಿ ಕೋಳಿ ಇನ್ನೂ ಅಲ್ಲಿಗೆ ಬಂದಿಲ್ಲ, ಅದಕ್ಕೇ ಈಗಲೇ ಮಾಡಬೇಕು ಅನ್ನುವುದು ನನ್ನ ಹಟ. ಬೀದರಿನ ನಂದಿನಗರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಇದಕ್ಕೆ ನಮಗೆ ಅದಕ್ಕಿಂತ ಹತ್ತಿರದ ಜಾಗ ಯಾವುದು? ಒಂದೇ ಮನೆಯ ಕೋಳಿ ಇಟ್ಟರೆ ತಳಿ ಉಳಿದಂತಲ್ಲ. ಹತ್ತಾರು ಊರಿನ ತತ್ತಿ ಬೇಕು, ಯಾರ ಮನೆಯದು, ತಾಯಿ ಕಾವಿಗೆ ಕೂಡುತ್ತಿತ್ತೋ ಇಲ್ಲವೋ, ಎಲ್ಲ ಬರೆದಿರಬೇಕು. ಹೆಸರಿಲ್ಲದ ಕಡ್ಡಿ ಟ್ಯಾಂಕಿನಲ್ಲಿದ್ದರೇನು, ಬಿಟ್ಟರೇನು.

ಸುರಪುರ, ಚಿತ್ತಾಪುರ, ಔರಾದ ಕಡೆಯವರು ಯಾರಾದರೂ ಇದ್ದರೆ, ಕಾವಿಗೆ ಕೂಡುವ ಬೂದು ಹ್ಯಾಟಿ ನಿಮ್ಮಲ್ಲಿದ್ದರೆ ಕೆಳಗೆ ತಿಳಿಸಿ. ಈ ಸಲ ಲಸಿಕೆ ಹಾಕಿಸಿಯೇ ಸಾಕುತ್ತೇವೆ. ಹುಂಜ ಬೇಡ, ಅದು ಸಿಕ್ಕಿದೆ.