ಅಜ್ಞಾತ ಫೋಟೋಗ್ರಾಫರನ ತಿಥಿ

ಮುಂಬಯಿಯಲ್ಲಿ ಕನ್ನಡ ಸಂಘವೊಂದಕ್ಕೆ 75 ತುಂಬಿದರೆ ಸ್ಮರಣ ಸಂಚಿಕೆ ಹುಟ್ಟಲೇಬೇಕು. ನಮ್ಮ ಸಂಘದ್ದೂ ಹುಟ್ಟುವ ಹಂತಕ್ಕೆ ಬಂದಿತ್ತು. ಜಾಹೀರಾತು ಬಂತು, ಮಂತ್ರಿಗಳ ಶುಭ ಸಂದೇಶ ಬಂತು, ಅಧ್ಯಕ್ಷರ ಏಳು ಭಂಗಿಯ ಫೋಟೋ ಬಂತು. ಲೇಖನಗಳು ಬಾಕಿ, ಅದೇನು ದೊಡ್ಡ ಸಂಗತಿಯಲ್ಲ. ತೊಡಕಾದದ್ದು ಮುಖಪುಟದ ಚಿತ್ರ.

ನೋಡಿದರೆ ನೀವೂ ಅದನ್ನೇ ಆರಿಸುತ್ತಿದ್ದಿರಿ. 1948, ಫೋರ್ಟಿನ ರಾತ್ರಿ ಶಾಲೆ. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲು ಒರೆಸಿ, ರಾತ್ರಿ ಸ್ಲೇಟು ಹಿಡಿದು ಕೂತ ಮಾಣಿಗಳು, 23 ಮಂದಿ. ಎಲ್ಲರ ತಲೆಗೂ ಎಣ್ಣೆ ಬಿದ್ದಿದೆ. ಒಬ್ಬ ಹೆಗಲ ಮೇಲಿನ ಒರೆಸುವ ಬಟ್ಟೆ ತೆಗೆಯಲು ಮರೆತಿದ್ದಾನೆ, ಇನ್ನೊಬ್ಬ ಸ್ಲೇಟನ್ನು ತಲೆಕೆಳಗಾಗಿ ಹಿಡಿದಿದ್ದಾನೆ. ಹಿಂಬದಿಯಲ್ಲಿ ಪೆನ್ಸಿಲಿನ ಇಸವಿ ಮಾತ್ರ. ಸ್ಟುಡಿಯೋದ ಮೊಹರು ಇದ್ದಲ್ಲಿ ಜಿರಳೆ ಊಟ ಮಾಡಿ ಎದ್ದುಹೋಗಿದೆ.

“ಫೋಟೋ ತೆಗೆದದ್ದು ಯಾರು?” ಎಂದರು ಸಮಿತಿಯ ವಕೀಲರು. ಅಲ್ಲಿಗೆ ಸಂಚಿಕೆ ನಿಂತಿತು.

ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ತೆಗೆದವನೇ ಅದರ ಕರ್ತೃ. ಅವನ ಹಕ್ಕು ಅವನು ಬದುಕಿರುವಷ್ಟು ಕಾಲ, ಸತ್ತ ಮೇಲೆ ಇನ್ನೂ 60 ವರ್ಷ.

“ಅವನು ಸತ್ತದ್ದು ಯಾವಾಗ?”

“ಯಾರೆಂದೇ ಗೊತ್ತಿಲ್ಲವಲ್ಲ ಮಾರಾಯ್ರೆ.”

“ಹಾಗಾದರೆ ಅವನು ಅನಾಮಿಕ. ಅನಾಮಿಕನಿಗೆ ಪ್ರಕಟಣೆಯಾದ ಮೇಲೆ 60 ವರ್ಷ. ಫೋಟೋ ಪ್ರಕಟವಾಗಿತ್ತೇ?”

ಮಾಟುಂಗದ ಹೋಟೆಲೊಂದರ ಗಲ್ಲಾದ ಮೇಲೆ, ಊದುಬತ್ತಿಯ ಹೊಗೆ ಕುಡಿಯುತ್ತ, ಅದು 40 ವರ್ಷ ನೇತಾಡಿದ್ದು ನಿಜ. ಗೋಡೆಗೆ ನೇತುಹಾಕಿದ್ದು ಪ್ರಕಟಣೆಯೋ ಅಲ್ಲವೋ ತೀರ್ಮಾನಿಸಲು ಉಪಸಮಿತಿ ಆಯಿತು. ಇಡ್ಲಿ ತಿನ್ನಲು ಬಂದವರೆಲ್ಲ ನೋಡಿದ್ದಾರೆ, ಇದಕ್ಕಿಂತ ಪ್ರಕಟ ಯಾವುದು ಎಂದು ಉಪಾಧ್ಯಕ್ಷರು ವಾದಿಸಿದರು. ಪ್ರತಿಗಳು ಹೊರಬರಬೇಕು, ಬಂದದ್ದು ಇಡ್ಲಿಯ ಪ್ಲೇಟು ಮಾತ್ರ ಎಂದರು ವಕೀಲರು.

ಪ್ರಕಟವಾಗಿಲ್ಲವೆಂದಾದರೆ ಅನಾಮಿಕನ ಗಡಿಯಾರಕ್ಕೆ ಇನ್ನೂ ಕೀಲಿಯನ್ನೇ ಕೊಟ್ಟಿಲ್ಲ. ಸಂಘದ ಟ್ರಂಕಿನಲ್ಲಿ ಇದ್ದಷ್ಟು ಕಾಲ ಹಕ್ಕು ಚಿರಂಜೀವಿ. ನಾವು ಅಚ್ಚು ಹಾಕಿದೆವೋ, ಮುಂದಿನ ಜನವರಿ 1ರಿಂದ 60 ವರ್ಷ ಎಣಿಕೆ ಶುರು. ಅಂದರೆ 75ರ ಸಂಚಿಕೆಗೆ ಬೇಕಾದ ಚಿತ್ರ ನಿಶ್ಚಿಂತೆಯಿಂದ ಸಿಗುವುದು ಸಂಘಕ್ಕೆ 135 ದಾಟಿದ ಮೇಲೆ. ಅಷ್ಟರೊಳಗೆ ಯಾವ ಪುಣ್ಯಾತ್ಮನಾದರೂ ಫೋಟೋಗ್ರಾಫರನ ಹೆಸರು ಪತ್ತೆಹಚ್ಚಿದರೆ ಅನಾಮಿಕತನ ರದ್ದು. ಸಾವಿನಿಂದ ಮತ್ತೆ ಲೆಕ್ಕ. ಆದ್ದರಿಂದ ಸಂಘದ ಇತಿಹಾಸವನ್ನು ಯಾರೂ ಹೆಚ್ಚು ಸಂಶೋಧಿಸಬಾರದೆಂದು ಕಾರ್ಯದರ್ಶಿಗಳು ಸೂಚಿಸಿದರು. ಅನುಮೋದನೆಗೆ ಆರು ಕೈ ಎದ್ದವು.

ಮೊದಲು ಹೀಗಿರಲಿಲ್ಲ. ಬ್ರಿಟಿಷರ ಕಾಲದ ಕಾಯ್ದೆಯಲ್ಲಿ ನೆಗೆಟಿವ್ ಹುಟ್ಟಿದ ದಿನದಿಂದ 50 ವರ್ಷ; ಫೋಟೋಕ್ಕೂ ಒಂದು ಜಾತಕ ಇತ್ತು. 1957ರ ಕಾಯ್ದೆ 1958ರ ಜನವರಿ 21ಕ್ಕೆ ಜಾರಿಯಾಗಿ ಎಣಿಕೆಯನ್ನು ಪ್ರಕಟಣೆಗೆ ಕಟ್ಟಿತು. 1991ರ ಕೊನೆಗೆ ಟ್ಯಾಗೋರರ ಕೃತಿಗಳ ಹಕ್ಕು ಮುಗಿಯುವುದರಲ್ಲಿತ್ತು, ಸರಕಾರ ಗಡಿಬಿಡಿಯಿಂದ 50ನ್ನು 60 ಮಾಡಿತು. ಗುರುದೇವರ ಪುಣ್ಯದಲ್ಲಿ ನಮ್ಮ ಟ್ರೈಪಾಡಿನವನಿಗೂ 10 ವರ್ಷ ಪುಕ್ಕಟೆ. 2012ರಲ್ಲಿ ಫೋಟೋಗಳ ಪ್ರತ್ಯೇಕ ಕಲಮನ್ನೇ ತೆಗೆದು ಆಯುಸ್ಸು ಮತ್ತು 60 ಎಂದರು. ಬದುಕಿದ್ದಾಗ ಅವನಿಗೆ ಯಾರೂ ಇಷ್ಟು ಸಲ ಸಂಬಳ ಏರಿಸಿರಲಾರರು.

ನನಗೆ ಆಶ್ಚರ್ಯ ನಮ್ಮ ಶಾಸ್ತ್ರಕಾರರ ಬುದ್ಧಿಯದು. ಸತ್ತ ತಿಥಿ ಗೊತ್ತಿಲ್ಲದವರು ಲೋಕದಲ್ಲಿ ಇದ್ದೇ ಇರುತ್ತಾರೆಂದು ಅವರಿಗೆ ತಿಳಿದಿತ್ತು. ಮಹಾಲಯ ಅಮಾವಾಸ್ಯೆ ಎಂದು ಒಂದು ದಿನ ಇಟ್ಟರು. ಅಂದು ಎಲ್ಲರಿಗೂ ಸೇರಿಸಿ ಎಳ್ಳುನೀರು ಬಿಟ್ಟರಾಯಿತು, ಕೈತೊಳೆದು ಊಟಕ್ಕೆ ಕೂರಬಹುದು. ಸಂಸತ್ತಿಗೆ ಇಷ್ಟು ಹೊಳೆಯಲಿಲ್ಲ.

ಇಂಡೋನೇಷ್ಯಾದ ಕಾಡಿನಲ್ಲಿ ಡೇವಿಡ್ ಸ್ಲೇಟರ್ ಎಂಬ ಫೋಟೋಗ್ರಾಫರರ ಕ್ಯಾಮೆರಾದಲ್ಲಿ ಮಂಗವೊಂದು ತನ್ನದೇ ಚಿತ್ರ ತೆಗೆದುಕೊಂಡ ಕಥೆ ನೆನಪಿರಬೇಕು. ಮಂಗಕ್ಕೆ ನರುಟೋ ಎಂದು ಹೆಸರಿಟ್ಟು ಅದರ ಪರವಾಗಿ ಅಮೆರಿಕದಲ್ಲಿ ದಾವೆ ಹೂಡಿದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆಗುವುದಿಲ್ಲ ಎಂದಿತು. ಅಲ್ಲಿ ಕರ್ತೃವಿಗೆ ಹೆಸರಿದೆ, ಮುಖವಿದೆ, ಹಲ್ಲು ಕಿರಿದ ಸಾಕ್ಷಿಯಿದೆ, ಹಕ್ಕಿಲ್ಲ. ಇಲ್ಲಿ ಹಕ್ಕಿದೆ, ಉಳಿದದ್ದೊಂದೂ ಇಲ್ಲ. 1948ರ ಆ ರಾತ್ರಿ ಕ್ಯಾಮೆರಾ ಒತ್ತಿದ್ದು ಮಂಗನೇ ಆಗಿದ್ದರೆ ಸಂಚಿಕೆ ಇಷ್ಟು ಹೊತ್ತಿಗೆ ಬಿಡುಗಡೆಯಾಗುತ್ತಿತ್ತು.

ಕರ್ತೃ ಪತ್ತೆಯಾಗದಿದ್ದರೆ ಕಾಯ್ದೆಯಲ್ಲೇ ದಾರಿಯಿದೆ, 31ಎ ಎಂಬ ಕಲಮು. ದೇಶದ ಬಹುಭಾಗದಲ್ಲಿ ಓಡಾಡುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಮೇಲೆ ಪರವಾನಿಗೆಗೆ ಅರ್ಜಿ ಹಾಕಬೇಕು. ಪಿತೃಲೋಕಕ್ಕೆ ಪೇಪರ್ ಹಾಕುವ ಹುಡುಗ ಯಾರು, ಅಲ್ಲಿಗೆ ಯಾವ ಆವೃತ್ತಿ ಹೋಗುತ್ತದೆ, ನಮ್ಮವನಿಗೆ ಇಂಗ್ಲಿಷ್ ಬರುತ್ತಿತ್ತೇ – ಇಂಥದ್ದನ್ನು ಕಲಮು ಕೇಳುವುದಿಲ್ಲ. ಜಾಹೀರಾತಿನ ದರ ಕೇಳಿ ನಮ್ಮ ಖಜಾಂಚಿ ಒಂದು ಲೋಟ ನೀರು ಕುಡಿದರು. ಇನ್ನು ಅರ್ಜಿ. ಮೊದಲು ಅದಕ್ಕೆಂದು ಕೃತಿಸ್ವಾಮ್ಯ ಮಂಡಳಿ ಇತ್ತು. 2017ರಲ್ಲಿ ಅದನ್ನು ಇನ್ನೊಂದು ಮಂಡಳಿಯೊಳಗೆ ಸೇರಿಸಿದರು, 2021ರಲ್ಲಿ ಆ ಇನ್ನೊಂದನ್ನೂ ಮುಚ್ಚಿದರು. ಈಗ ಹೈಕೋರ್ಟು. ಫೋಟೋಗ್ರಾಫರನಂತೆ ಮಂಡಳಿಯೂ ದಿವಂಗತ. ವ್ಯತ್ಯಾಸವೆಂದರೆ ಮಂಡಳಿ ತೀರಿಕೊಂಡ ಇಸವಿ ಗೊತ್ತು.

ಮನಸ್ಸು ಕೆಟ್ಟು ಒಂದು ಶುಕ್ರವಾರ ಚೋರ್ ಬಜಾರಿಗೆ ಹೋದೆ. ಯಾರದೋ ಅಜ್ಜಂದಿರು, ಯಾರದೋ ಮದುವೆಗಳು, ಪೇಟ ಸುತ್ತಿದವರು, ಒಂಬತ್ತು ಗಜದ ಸೀರೆಯವರು, ಎಲ್ಲರೂ ಗೋಣಿಯ ಮೇಲೆ ರಾಶಿ. ಬಾಂದ್ರಾ ಕಡೆಯ ಹೋಟೆಲಿನವರು ಗೋಡೆಯ ಅಲಂಕಾರಕ್ಕೆ ಒಯ್ಯುತ್ತಾರಂತೆ. ಹಕ್ಕು ಯಾರದ್ದೆಂದು ಅಂಗಡಿಯವನನ್ನು ಕೇಳಿದೆ. “ಫ್ರೇಮ್ ಜೊತೆಗಾದರೆ ನೂರು ಜಾಸ್ತಿ” ಎಂದ. ಈ ವಿಷಯದಲ್ಲಿ ನನಗೆ ಸಿಕ್ಕಿದ ಏಕೈಕ ಸ್ಪಷ್ಟ ಉತ್ತರ ಅದು.

ಅಷ್ಟರಲ್ಲಿ ಕಾರ್ಯದರ್ಶಿಗಳು ಟ್ರಂಕಿನ ತಳದಿಂದ 1948ರ ರೋಕಡ ಪುಸ್ತಕ ಎತ್ತಿದರು. ಒಳಗೊಂದು ಸಾಲು: “ಫೋಟೋದವನಿಗೆ, 12 ರೂ. 8 ಆಣೆ, ದಣಿಗಳ ಬಾಬ್ತು.” ವಕೀಲರು ಕುರ್ಚಿಯಿಂದ ಎದ್ದುಬಿಟ್ಟರು. ದುಡ್ಡು ಕೊಟ್ಟು ತೆಗೆಸಿದ ಫೋಟೋಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವನೇ ಮೊದಲ ಮಾಲೀಕ! ಅವಧಿ ಮುಗಿಯುವುದು ಯಾವಾಗ ಎಂಬುದಕ್ಕೆ ಈಗಲೂ ಆ ಅನಾಮಿಕನೇ ಲೆಕ್ಕ, ಆದರೆ ಕೇಳಲು ಒಂದು ಮನೆಯಾದರೂ ಸಿಕ್ಕಿತು.

ಸಿಕ್ಕಿದ್ದು ಎಂಥ ಮನೆ! ದಣಿಗಳು ಸಂಘದ ಸ್ಥಾಪಕರು ಹೌದು. ಅವರ ಹೋಟೆಲು ಎರಡು ತಲೆಮಾರಿನಿಂದ ಕೋರ್ಟಿನಲ್ಲಿದೆ. ಐದು ಪಾಲು, ಒಂದು ದುಬೈಯಲ್ಲಿ, ಎರಡು ಊರಲ್ಲಿ, ಉಳಿದೆರಡು ಒಂದೇ ಬಿಲ್ಡಿಂಗಿನಲ್ಲಿದ್ದೂ ಲಿಫ್ಟಿನಲ್ಲಿ ಮಾತಾಡುವುದಿಲ್ಲ. “ಅಲ್ಲಿ ರುಬ್ಬುವ ಕಲ್ಲಿಗೂ ತಡೆಯಾಜ್ಞೆ ಉಂಟು. ಫೋಟೋವೂ ಆಸ್ತಿ ಅಂತ ನಾವೇ ಹೋಗಿ ಹೇಳುವುದಾ ವಕೀಲ್ರೆ?” ಎಂದರು ಖಜಾಂಚಿ. ರೋಕಡ ಪುಸ್ತಕ ಟ್ರಂಕಿಗೆ ಮರಳಿತು. ಟ್ರಂಕಿಗೆ ಹೊಸ ಬೀಗ.

ಮುಖಪುಟಕ್ಕೆ ಗೇಟ್‌ವೇ ಆಫ್ ಇಂಡಿಯಾದ ಸೂರ್ಯೋದಯ ಬಂದಿದೆ. ಗೂಗಲ್‌ನಿಂದ ಇಳಿಸಿದ್ದು. ಮೂಲೆಯಲ್ಲಿ ತೆಗೆದವರ ಹೆಸರಿತ್ತು, ವಿನ್ಯಾಸಕ್ಕೆ ಅಡ್ಡಿ ಎಂದು ಕತ್ತರಿಸಿ, ಕೆಳಗೆ “ಚಿತ್ರಕೃಪೆ: ಅಂತರ್ಜಾಲ” ಎಂದು ಹಾಕಿದರು. ವಕೀಲರು ಪ್ರೂಫ್ ನೋಡಿ ಅಂತರ್ಜಾಲದ ಅರ್ಕಾವತ್ತು ಸರಿಪಡಿಸಿದರು.

ಒಳಪುಟಕ್ಕೆ ಸಮಿತಿಯ ಗುಂಪು ಚಿತ್ರ. ಡೊಂಬಿವಲಿಯಿಂದ ಒಬ್ಬ ಹುಡುಗ ಕ್ಯಾಮೆರಾ ಹೊತ್ತು ಬಂದ. ಗಲ್ಲ ಎತ್ತಿ, ಹೊಟ್ಟೆ ಒಳಗೆಳೆಯಿರಿ ಎಂದು ಮರಾಠಿಯಲ್ಲಿ ಹೇಳಿ, ಹತ್ತು ಸಲ ಒತ್ತಿದ. ಕುಳಿತವರು ಎಡದಿಂದ, ನಿಂತವರು ಎಡದಿಂದ, ಬರಲಾಗದವರು ಎಂದು ಎಲ್ಲರ ಹೆಸರೂ ಬಿರುದಾವಳಿ ಸಮೇತ ಅಚ್ಚಾಗಿದೆ. ಹುಡುಗ ಲೋಕಲ್ ಹಿಡಿಯುವ ಅವಸರದಲ್ಲಿದ್ದ. ಖಜಾಂಚಿ ಹದಿನೈದು ನೂರು ಎಣಿಸಿ ಕೊಟ್ಟು, ವೋಚರಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದರು: “ಫೋಟೋದವನಿಗೆ.”