‘ಲೈಕ್’ ಕಂಡಲ್ಲೆಲ್ಲ ಸಿಮಿಲಿ ಅಲ್ಲ

ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಕಲಿಸುವ ಕುರಿತ ನಿಮ್ಮ ಲೇಖನದಲ್ಲಿ 20 ಸಾಹಿತ್ಯ ಪದಗಳನ್ನು ವ್ಯಾಖ್ಯಾನದ ಸಮೇತ ಬಾಯಿಪಾಠ ಮಾಡಿಸಲು ಹೇಳಿದ್ದೀರಿ. ದಯವಿಟ್ಟು ಬೇಡ. ವಾರಕ್ಕೆ 2 ಪದ ಸಾಕು, ಅದೂ ಆಗ ಓದುತ್ತಿರುವ ಪಾಠದೊಳಗಿಂದಲೇ ಹೆಕ್ಕಿದ್ದು.

ಮಕ್ಕಳು ಹೆಚ್ಚು ಎಡವುವುದು ಸಿಮಿಲಿಯಲ್ಲಿ, ಅಂದರೆ ಒಂದನ್ನು ಬೇರೆಯೇ ಜಾತಿಯ ಇನ್ನೊಂದಕ್ಕೆ ಹೋಲಿಸುವ ಉಪಮೆಯಲ್ಲಿ. ‘ಲೈಕ್’ ಅಥವಾ ‘ಆ್ಯಸ್’ ಇದ್ದರೆ ಸಿಮಿಲಿ ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಹಾಗಾಗಿ ‘ಐ ಲೈಕ್ ರೇನ್’ಗೂ ಅಡಿಗೆರೆ ಎಳೆಯುತ್ತಾರೆ. ‘ಶೀ ಲುಕ್ಸ್ ಲೈಕ್ ಹರ್ ಸಿಸ್ಟರ್’ ಕೂಡ ಸಿಮಿಲಿಯಲ್ಲ, ಅಕ್ಕತಂಗಿಯರ ಹೋಲಿಕೆ ನಿಜವಾದದ್ದೇ. ‘ಹಿಸ್ ಹ್ಯಾಂಡ್ಸ್ ವರ್ ಲೈಕ್ ಐಸ್’ ಎಂಬಲ್ಲಿ ಕೈಯೇ ಬೇರೆ, ಮಂಜುಗಡ್ಡೆಯೇ ಬೇರೆ. ಎರಡನ್ನೂ ಬೆಸೆದಿರುವುದು ತಣ್ಣಗಿರುವ ಗುಣ. ಕನ್ನಡ ವ್ಯಾಕರಣದ ಉಪಮೇಯ (ಕೈ), ಉಪಮಾನ (ಮಂಜುಗಡ್ಡೆ), ವಾಚಕ ಪದ (‘ಲೈಕ್’), ಸಮಾನಧರ್ಮ (ತಣ್ಣಗಿರುವುದು), ಈ 4ನ್ನೂ ಇಲ್ಲಿ ಹುಡುಕಿಸಿ. ವಾಚಕ ಪದ ಕಿತ್ತು ‘ಹಿಸ್ ಹ್ಯಾಂಡ್ಸ್ ವರ್ ಐಸ್’ ಎಂದರೆ ಮೆಟಫರ್, ಅಂದರೆ ರೂಪಕ ಆಯಿತು. ಒಂದೇ ಸಾಲಿನಲ್ಲಿ ಎರಡೂ ತಿಳಿಯುತ್ತವೆ.

ಅಲಿಟರೇಶನ್‌ಗೆ, ಅಂದರೆ ಪದಗಳ ಮೊದಲಲ್ಲಿ ಒಂದೇ ಧ್ವನಿ ಮರಳಿ ಬರುವುದಕ್ಕೆ, ಕಿವಿ ಮುಖ್ಯ, ಕಣ್ಣಲ್ಲ. ‘ಸಿಟಿ’, ‘ಕ್ಯಾಟ್’ ಎರಡೂ ಇಂಗ್ಲಿಷಿನ ‘c’ ಅಕ್ಷರದಿಂದ ಶುರುವಾದರೂ ಹೊಂದುವುದಿಲ್ಲ; ‘ph’ನಿಂದ ಶುರುವಾಗುವ ‘ಫೋನ್’, ‘f’ನಿಂದ ಶುರುವಾಗುವ ‘ಫಿಶ್’ ಹೊಂದುತ್ತವೆ. ಜೋರಾಗಿ ಓದಿಸಿದರೆ ಗೊಂದಲ ತಾನಾಗಿ ಬಿಡುತ್ತದೆ.

ಕಥೆಯ ಥೀಮ್ (ಒಳತಿರುಳು) ಕೇಳಿದಾಗ ‘ಗೆಳೆತನ’ ಎಂಬ ಒಂದೇ ಪದದ ಉತ್ತರ ಒಪ್ಪಬೇಡಿ, ಅದು ಬರೀ ವಿಷಯ. ಗೆಳೆತನದ ಬಗ್ಗೆ ಕಥೆ ಏನನ್ನುತ್ತದೆ ಎಂದು ಪೂರ್ಣ ವಾಕ್ಯ ಬರೆಸಿ, ಆಧಾರಕ್ಕೆ ಕಥೆಯಿಂದಲೇ ಒಂದು ಸಾಲು ತೋರಿಸಲಿ.