ತೋಟದ ಕಥೆಯನ್ನು ‘ನಾನು’ ಹೇಳಬೇಕೇ? ಪರ–ವಿರೋಧ

ಕೊಡಗಿನ ಕಾಫಿ ತೋಟವನ್ನು ಕುರಿತು ಕನ್ನಡದಲ್ಲಿ ಕಥೆ ಬರೆಯುವವರು ಅದನ್ನು ತೋಟದೊಳಗಿನ ಒಬ್ಬರ ಬಾಯಿಂದ, ಉತ್ತಮ ಪುರುಷದಲ್ಲಿ ಹೇಳಿಸಬೇಕೇ, ಇಲ್ಲವೇ ಹೊರಗೆ ನಿಂತು ‘ಅವನು’, ‘ಅವಳು’ ಎನ್ನುವ ನಿರೂಪಕನಿಗೆ ಒಪ್ಪಿಸಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಕನ್ನಡದಲ್ಲಿ ಹೊರಗೆ ನಿಂತ ನಿರೂಪಕ ತಾನು ನಿಷ್ಪಕ್ಷಪಾತಿ ಎಂದು ಎಷ್ಟೇ ಹೇಳಿಕೊಂಡರೂ ಅವನ ಕ್ರಿಯಾಪದಗಳು ಅವನನ್ನು ಹಿಡಿದುಕೊಡುತ್ತವೆ. ಮಾಲೀಕರು ಜೀಪಿನಿಂದ ‘ಇಳಿದರು’, ಕೂಲಿಯಾಳು ಹೊರೆಯನ್ನು ‘ಇಳಿಸಿದ’ ಎಂದು ಬರೆದ ಕೂಡಲೇ ನಿರೂಪಕ ಬಂಗಲೆಯ ಕಡೆಯವನೋ, ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಯ ಕಡೆಯವನೋ ಎಂಬುದು ತೀರ್ಮಾನವಾಗಿಬಿಡುತ್ತದೆ, ಮತ್ತು ಅನೇಕ ವೇಳೆ ಲೇಖಕನಿಗೆ ಅದರ ಅರಿವೂ ಇರುವುದಿಲ್ಲ. ಅದೇ ‘ಇಳಿದರು’ ಲೈನ್ ಮನೆಯ ಹೆಂಗಸಿನ ಬಾಯಿಂದ ಬಂದಾಗ ಅದು ಅವಳ ಅಂಜಿಕೆಯೋ ರೂಢಿಯೋ ಆಗುತ್ತದೆ. ಒಂದು ದಿನ ಅವಳು ‘ಇಳಿದ’ ಎಂದರೆ ಕಥೆಯ ತಿರುವು ಆ ಒಂದು ಕ್ರಿಯಾಪದದಲ್ಲೇ ಆಗಿಹೋಗಿರುತ್ತದೆ. ಇಂಥ ಸೌಲಭ್ಯವನ್ನು ಭಾಷೆಯೇ ಕೊಟ್ಟಿರುವಾಗ ಬಿಟ್ಟುಕೊಡುವುದು ಜಾಣತನವಲ್ಲ.

‘ನಾನು’ ಎನ್ನುವವನಿಗೆ ಎಲ್ಲವೂ ಗೊತ್ತಿರುವುದಿಲ್ಲವೆಂಬುದನ್ನು ಕೊರತೆಯೆಂದು ಎಣಿಸಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಕುಸಿದಾಗ ಒಳಗಿನ ಹಳ್ಳಿಗಳಲ್ಲಿದ್ದವರಿಗೆ ತಿಳಿದಿದ್ದುದು ತಮ್ಮ ಅಂಗಳದಿಂದ ಕಂಡಷ್ಟೇ, ಕೇಳಿಸಿದಷ್ಟೇ. ಆ ಅರೆತಿಳಿವಳಿಕೆಯನ್ನು ಓದುಗನಿಗೂ ಹಂಚಬೇಕಾದರೆ ಅಂಗಳದಲ್ಲಿ ನಿಂತವನೇ ಹೇಳಬೇಕು.

ಇನ್ನು ಸುಳ್ಳು ಹೇಳುವ ನಿರೂಪಕನ ವಿಷಯ. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬ ತನ್ನ ಕಥೆಯನ್ನು ಹೇಳುತ್ತಾನೆ ಎಂದುಕೊಳ್ಳೋಣ. ಮಾರ್ಚ್ ತಿಂಗಳ ಹೂಮಳೆ, ಹೂವರಳಿ ಬೆಳ್ಳಗಾದ ಗಿಡಗಳು, ಹಾಜರಿ ಪುಸ್ತಕ, ಮೇಸ್ತ್ರಿಯ ಜಗಳ ಎಲ್ಲವನ್ನೂ ಅವನು ವಿವರವಾಗಿ ಹೇಳುತ್ತಾನೆ. ಆದರೆ ಕೊಯ್ದ ಹಣ್ಣನ್ನು ಸಂಜೆ ತೂಗಿ ಕಿಲೋ ಲೆಕ್ಕದಲ್ಲಿ ಕೂಲಿ ಬರೆಯುವ ಹೊತ್ತು ಬಂದಾಗಲೆಲ್ಲ ಮಾತು ಬೇರೆಡೆಗೆ ಹೊರಳುತ್ತದೆ. ತೂಕದಲ್ಲಿ ಏನೋ ನಡೆದಿದೆ ಎಂಬುದನ್ನು ಯಾರೂ ಹೇಳದೆಯೇ ಓದುಗ ಊಹಿಸುತ್ತಾನೆ. ಇದನ್ನೇ ಹೊರಗಿನ ನಿರೂಪಕ ಮುಚ್ಚಿಟ್ಟರೆ ಅದು ಲೇಖಕ ಓದುಗನಿಗೆ ಮಾಡಿದ ಮೋಸ. ರೈಟರ್ ಮುಚ್ಚಿಟ್ಟರೆ ಅದು ಅವನ ಸ್ವಭಾವ.

ವಿರೋಧ

ಮೇಲಿನ ವಾದ ಒಂದು ಮುಖ್ಯ ಸಂಗತಿಯನ್ನು ದಾಟಿಕೊಂಡು ಹೋಗಿದೆ: ಆ ಲೈನ್ ಮನೆಯ ಹೆಂಗಸಿನ ಮನೆಮಾತು ಕನ್ನಡವೇ ಆಗಿರಬೇಕೆಂದೇನಿಲ್ಲ. ಒಂದೇ ತೋಟದಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ಬುಡಕಟ್ಟಿನವರ ನುಡಿ, ಮಲಯಾಳ, ತುಳು ಇವೆಲ್ಲ ಕೇಳಿಬರುವ ನಾಡು ಇದು. ಯರವ ಹೆಂಗಸೊಬ್ಬಳನ್ನು ‘ನಾನು’ ಎಂದು ಶಿಷ್ಟ ಕನ್ನಡದಲ್ಲಿ ಮಾತಾಡಿಸಿದರೆ ಕೇಳಿಸುವುದು ಲೇಖಕನ ದನಿಯೇ. ಒಡಕು ಕನ್ನಡದಲ್ಲಿ ಆಡಿಸಿದರೆ ತನ್ನ ನುಡಿಯಲ್ಲಿ ಚುರುಕಾಗಿರುವ ಅವಳು ಪುಸ್ತಕದಲ್ಲಿ ಪೆದ್ದಿಯಾಗಿ ಕಾಣುತ್ತಾಳೆ. ಎರಡೂ ಅನ್ಯಾಯ, ಎರಡನೆಯದು ಹೆಚ್ಚಿನ ಅನ್ಯಾಯ. ಅದಕ್ಕಿಂತ, ಅವಳ ಹೆಗಲ ಹಿಂದೆ ನಿಂತು, ಅವಳಿಗೆ ಕಂಡದ್ದನ್ನು ಮಾತ್ರ ತನ್ನದೇ ಕನ್ನಡದಲ್ಲಿ ಹೇಳುವ ನಿರೂಪಕ ಕನಿಷ್ಠ ತನ್ನ ಭಾಷೆ ತನ್ನದೆಂದು ಒಪ್ಪಿಕೊಂಡಿರುತ್ತಾನೆ. ಅರೆತಿಳಿವಳಿಕೆಗೂ ಇದರಿಂದ ಅಡ್ಡಿಯಿಲ್ಲ. ಪ್ರಥಮ ಪುರುಷದಲ್ಲಿ, ಅಂದರೆ ‘ಅವನು’, ‘ಅವಳು’ ಎಂದು ಹೇಳಿದ ಮಾತ್ರಕ್ಕೆ ನಿರೂಪಕ ಸರ್ವಜ್ಞನಾಗಬೇಕೆಂಬ ನಿಯಮವೇನೂ ಇಲ್ಲ.

ಗೌರವಸೂಚಕದ ತೊಡಕಿಗೆ ಪರಿಹಾರ ಸರಳವಾಗಿದೆ: ಮಾಲೀಕನಿಗೂ ಆಳಿಗೂ ಒಂದೇ ವಚನ ಬಳಸಬೇಕು. ಕೆಲವು ಓದುಗರಿಗೆ ಇರಿಸುಮುರಿಸಾದೀತು, ಆಗಲಿ.

‘ನಾನು’ ಸೋಲುವುದು ಹೆಚ್ಚಾಗಿ ಕಾಲದ ಮುಂದೆ. ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರ ಪದಚ್ಯುತನಾದ 1834ರಿಂದ ಇಂದಿನವರೆಗೆ ಒಂದು ಒಕ್ಕದ, ಅಂದರೆ ಕೊಡವ ಮನೆತನದ, ಕಥೆಯನ್ನು ಹೇಳಹೊರಟ ‘ನಾನು’ ಮನೆತನದ ಹಿರಿಮನೆಯಾದ ಐನ್‌ಮನೆಯ ಅಟ್ಟದಲ್ಲಿ ಹಳೆಯ ಕಾಗದದ ಕಟ್ಟನ್ನು ಹುಡುಕಲೇಬೇಕಾಗುತ್ತದೆ. ಆ ಕಟ್ಟು ಸಿಕ್ಕೇ ಸಿಗುತ್ತದೆ ಎಂಬುದು ಓದುಗನಿಗೆ ಮೊದಲೇ ಗೊತ್ತು. ‘ನಾವು’ ಎಂದು ಒಕ್ಕವೇ ಮಾತಾಡಬಹುದು ಎನ್ನುವವರಿದ್ದಾರೆ. ಆ ‘ನಾವು’ ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಲ್ಲಿ ಒಟ್ಟುಗೂಡುವವರದಾಗುವುದೇ ಹೊರತು ಅದೇ ಗದ್ದೆಯಲ್ಲಿ ನಾಟಿ ಮಾಡಿದ ಹೊರಗಿನವರದಾಗುವುದಿಲ್ಲ.

ಭೂಕುಸಿತದ ಉದಾಹರಣೆಯೂ ಪರಪಕ್ಷಕ್ಕೆ ಅಷ್ಟೊಂದು ನೆರವಾಗದು. ‘ನಾನು’ ಎಂಬ ಮೊದಲ ವಾಕ್ಯದಲ್ಲೇ ಅವನು ಬದುಕುಳಿದನೆಂದು ತಿಳಿದುಹೋಗುತ್ತದೆ, ಮತ್ತು ಮಣ್ಣಿನಡಿ ಹೋದವರ ಕಥೆ ಯಾವ ‘ನಾನು’ವಿಗೂ ಸಿಗುವುದಿಲ್ಲ. ಕೊಡವರಲ್ಲಿ ದುಡಿಯೆಂಬ ಪುಟ್ಟ ವಾದ್ಯ ಹಿಡಿದು ಇಬ್ಬಿಬ್ಬರ ಜೋಡಿಯಾಗಿ ನಾಲ್ವರು ಹಾಡುವ ಪದ್ಧತಿಯಿದೆ. ಸಾವಿನ ಮನೆಯಲ್ಲಿ ಸತ್ತವರ ಬದುಕನ್ನು ಹಾಡಿ ಹೇಳುವವರು ಹೀಗೆ ಸುತ್ತ ನಿಂತವರೇ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಪ್ರಥಮ ಪುರುಷ ಹೊರಗಿನಿಂದ ಬಂದ ಶುಷ್ಕ ತಂತ್ರವೆಂದು ಹೇಳುವವರು ಅವನ್ನೊಮ್ಮೆ ಓದಬೇಕು.

ಕೊನೆಗೆ ಆ ತೂಕದ ಮಾತು. ರೈಟರ್ ಹೇಳಿದರೆ ಅವನ ಮೌನವಷ್ಟೇ ನಮಗೆ ದಕ್ಕುತ್ತದೆ, ಮತ್ತು ಆ ಮೌನ ಎಷ್ಟೇ ಸ್ವಾರಸ್ಯವಾಗಿದ್ದರೂ ಕಥೆ ಪೂರ್ತಿ ಅವನ ಪಾಪಪ್ರಜ್ಞೆಯದೇ ಆಗಿಬಿಡುತ್ತದೆ. ತಕ್ಕಡಿಯ ಆಚೆ ನಿಂತವಳು ಆ ಸಂಜೆ ಮನಸ್ಸಿನಲ್ಲೇ ಹಾಕಿಕೊಂಡ ಲೆಕ್ಕ, ಕೇಳಿದರೆ ನಾಳೆಯ ಕೆಲಸ ಹೋದೀತೆಂದು ಅವಳು ಸುಮ್ಮನಾದದ್ದು, ಇವು ಅವನಿಗೆ ಗೊತ್ತಿಲ್ಲ. ಅವನ ಅಧ್ಯಾಯ ಮುಗಿದ ಮೇಲೆ ಅವಳದನ್ನು ಆರಂಭಿಸುವ ಸ್ವಾತಂತ್ರ್ಯವಿರುವುದು ಹೊರಗಿನ ನಿರೂಪಕನಿಗೆ.